ಕೆಂಪು ಗಿಂಡಿ

ಉಜಿರೆ ಕಡೆಯಿಂದ ಚಾರ್ಮಾಡಿ ಘಾಟಿ ಹತ್ತಿ ಬಂದವರು ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ನಿಲ್ಲದೆ ಹೋಗುವುದು ಅಪರೂಪ. ಆವತ್ತು ನಾನೂ ನಿಂತೆ. ಮೂರು ಸಿಲಿಂಡರಿನ ಹಳೆಯ ಪುಟ್ಟ ಕಾರು, ಡಿಕ್ಕಿಯಲ್ಲಿ ಊರಿಂದ ಹೇರಿಕೊಂಡ ಎರಡು ಮೂಟೆ ತೆಂಗಿನಕಾಯಿ, ಏಪ್ರಿಲ್ ಬಿಸಿಲು. ಘಾಟಿಯುದ್ದಕ್ಕೂ ಎರಡನೇ ಗೇರಿನಲ್ಲೇ ಏದುಸಿರು ಬಿಟ್ಟ ಎಂಜಿನ್ನನ್ನು ನ್ಯೂಟ್ರಲ್ಲಿಗೆ ತಂದು ನೆರಳು ಹುಡುಕುತ್ತಿದ್ದೆ. ಡ್ಯಾಶ್‌ಬೋರ್ಡಿನ ಮೂಲೆಯಲ್ಲಿ ಕೆಂಪು ಗಿಂಡಿಯೊಂದು ಮಿಣುಕಿತು. ಆಕ್ಸಿಲರೇಟರ್ ತುಸು ಒತ್ತಿದೆ, ಆರಿತು. ಕಾಲು ತೆಗೆದೆ, ಮತ್ತೆ ಮಿಣಮಿಣ.

ಗಿಂಡಿ ಎಂಬುದು ನಾನಿಟ್ಟ ಹೆಸರು. ಆ ಚಿತ್ರ ನಿಜಕ್ಕೂ ಹಳೇ ಕಾಲದ ಎಣ್ಣೆ ಕ್ಯಾನಿನದು: ಉದ್ದ ಕೊಕ್ಕು, ಹಿಂದೊಂದು ಹಿಡಿ, ಕೊಕ್ಕಿನ ತುದಿಯಲ್ಲೊಂದು ಹನಿ. ಕೆಲವರಿಗೆ ಅದು ಅಲ್ಲಾದೀನನ ದೀಪದಂತೆ ಕಾಣುತ್ತದಂತೆ. ಬಂದವರ ಕೈಕಾಲಿಗೆಂದು ಜಗಲಿಯಲ್ಲಿ ಗಿಂಡಿ ತುಂಬಿಸಿಡುತ್ತಿದ್ದ ಮನೆಯಲ್ಲಿ ಬೆಳೆದ ನನಗೆ ಗಿಂಡಿಯೇ.

ಎಂಜಿನ್ ಆಫ್ ಮಾಡಿ ಮೂಡಿಗೆರೆಯ ಪರಿಚಯದ ಮೆಕ್ಯಾನಿಕ್ಕಿಗೆ ಫೋನ್ ಮಾಡಿದೆ. ಎರಡು ಪ್ಲೇಟ್ ದೋಸೆ ಮುಗಿಯುವಷ್ಟರಲ್ಲಿ ಬೈಕಿಗೆ ಸಾಮಾನಿನ ಪೆಟ್ಟಿಗೆ ಕಟ್ಟಿಕೊಂಡು ಬಂದರು. ಅರವತ್ತು ದಾಟಿದ ಮನುಷ್ಯ, ಮಾತು ಕಡಿಮೆ.

“ಕಂಡ ಕೂಡ್ಲೆ ಆಫ್ ಮಾಡಿದ್ರಲ್ಲ, ಒಳ್ಳೇದಾಯ್ತು. ಆಕ್ಸಿಲರೇಟರ್ ಕೊಟ್ರೆ ದೀಪ ಆರುತ್ತೆ ಅಂತ ಹಂಗೇ ಮನೆ ಮುಟ್ಟೋರೂ ಇದಾರೆ ಸಾರ್. ಮನೆ ಮುಟ್ಟುತ್ತೆ. ಆಮೇಲೆ ಎಂಜಿನ್ ಕೆಲಸ.”

ಬನಿಯನ್ ವೇಸ್ಟಿನಿಂದ ಡಿಪ್‌ಸ್ಟಿಕ್ ಒರೆಸಿ, ಅದ್ದಿ, ತೆಗೆದು ನೋಡಿದರು. ಎಣ್ಣೆ ಮೇಲಿನ ಗೆರೆಗೆ ಅರ್ಧ ಬೆರಳು ಕಡಿಮೆ ಇತ್ತು, ಅಷ್ಟೆ. “ಎಣ್ಣೆ ಇದೆ. ಆದ್ರೆ ಎಣ್ಣೆ ಇರೋದು ಬೇರೆ, ಮೇಲಕ್ಕೆ ಹತ್ತೋದು ಬೇರೆ.”

ಕಾರು ಓಡಿಸುವ ಬಹಳ ಮಂದಿ ಎಡವುವುದು ಇಲ್ಲೇ. ಕೆಂಪು ಗಿಂಡಿ ಹತ್ತಿದರೆ ಎಣ್ಣೆ ಕಡಿಮೆಯಾಗಿದೆ ಎಂದುಕೊಂಡು ಅರ್ಧ ಲೀಟರ್ ಸುರಿದು ಹೊರಡುತ್ತಾರೆ. ಆದರೆ ಆ ದೀಪ ಎಣ್ಣೆಯನ್ನು ಅಳೆಯುವುದೇ ಇಲ್ಲ. ಎಣ್ಣೆ ಹಳತೋ ಹೊಸತೋ ಎಂಬುದೂ ಅದಕ್ಕೆ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಒಂದೇ ಸಂಗತಿ: ಎಂಜಿನ್ನಿನ ಎಣ್ಣೆಯ ಕೊಳವೆಯಲ್ಲಿ ನಾಲ್ಕಾರು ಪೌಂಡಿನಷ್ಟಾದರೂ ಒತ್ತಡ ಇದೆಯೋ ಇಲ್ಲವೋ.

ನಾಲ್ಕಾರು ಪೌಂಡ್ ಎಂದರೆ ಎಷ್ಟೆಂದು ತಿಳಿಯಲು ಟಯರನ್ನು ನೆನೆಯಿರಿ. ಗಾಳಿ ಹಾಕಿಸುವಾಗ ಮೂವತ್ತು ಪೌಂಡ್ ಎನ್ನುತ್ತೇವಲ್ಲ, ಅದೇ ಲೆಕ್ಕ. ಒಂದು ಚದರ ಇಂಚಿನ ಮೇಲೆ ಬೀಳುವ ಒತ್ತಡ. ಹೆದ್ದಾರಿಯಲ್ಲಿ ಓಡುವ ಎಂಜಿನ್ನಿನಲ್ಲಿ ಎಣ್ಣೆಯ ಒತ್ತಡ ಸಾಮಾನ್ಯವಾಗಿ ನಲವತ್ತರಿಂದ ಅರವತ್ತು ಪೌಂಡ್. ಅದು ಐದಕ್ಕೆ ಇಳಿದಾಗ ದೀಪ ಹತ್ತುತ್ತದೆ. ಎಂದರೆ ಹತ್ತರಲ್ಲಿ ಒಂಬತ್ತು ಪಾಲು ಕಳೆದುಹೋದ ಮೇಲೆ! ಗಿಂಡಿಗೆ ‘ಎಚ್ಚರಿಕೆಯ ದೀಪ’ ಎಂಬ ಹೆಸರು ನನಗೆ ಅಷ್ಟಾಗಿ ಒಪ್ಪಿಗೆಯಿಲ್ಲ. ಮನೆಗೆ ಬೆಂಕಿ ಬಿದ್ದ ಮೇಲೆ ಬಾಗಿಲು ಬಡಿಯುವವನನ್ನು ಕಾವಲುಗಾರ ಎನ್ನುತ್ತೇವೆಯೇ?

ಒತ್ತಡ ಹುಟ್ಟುವುದು ಹೇಗೆ? ಎಂಜಿನ್ನಿನ ತಳದಲ್ಲಿ ಎಣ್ಣೆ ನಿಲ್ಲುವ ಬಾನಿಯಿದೆ. ಗ್ಯಾರೇಜಿನವರು ಅದನ್ನು ಚೇಂಬರ್ ಎನ್ನುತ್ತಾರೆ. ಅಲ್ಲಿಂದ ಜಾಲರಿಯ ಮೂಲಕ ಎಣ್ಣೆಯನ್ನು ಹೀರುವ ಪುಟ್ಟ ಪಂಪು ಅದನ್ನು ಫಿಲ್ಟರಿಗೂ, ಅಲ್ಲಿಂದ ಎಂಜಿನ್ನಿನ ಮೈಯೊಳಗೆ ಕೊರೆದ ನಾಳಗಳಿಗೂ ತಳ್ಳುತ್ತದೆ. ನಾಳಗಳು ಕ್ರ್ಯಾಂಕ್‌ಶಾಫ್ಟ್ ಕೂತ ಬೇರಿಂಗುಗಳಿಗೂ ಮೇಲಿನ ಕ್ಯಾಮ್‌ಶಾಫ್ಟಿಗೂ ಎಣ್ಣೆ ಮುಟ್ಟಿಸುತ್ತವೆ. ಬೇರಿಂಗಿನ ಅಂಚುಗಳಿಂದ ಜಿನುಗಿದ ಎಣ್ಣೆ ಮತ್ತೆ ಚೇಂಬರಿಗೆ ಬೀಳುತ್ತದೆ.

ಪಂಪು ಒತ್ತಡ ಹುಟ್ಟಿಸುತ್ತದೆ ಎಂದು ನಾವೆಲ್ಲ ಹೇಳುತ್ತೇವೆ. ಪಂಪು ಮಾಡುವುದು ಎಣ್ಣೆಯನ್ನು ದೂಡುವುದಷ್ಟೆ. ದೂಡಿದ ಎಣ್ಣೆ ಸುಲಭವಾಗಿ ಹೊರಹೋಗಲಾರದೆ ಇಕ್ಕಟ್ಟಿಗೆ ಸಿಕ್ಕಿದಾಗ ಒತ್ತಡ ಏರುತ್ತದೆ. ಅಡಿಕೆ ತೋಟಕ್ಕೆ ಸ್ಪ್ರಿಂಕ್ಲರ್ ಹಾಕಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ಗೇಟ್‌ವಾಲ್ವಿಗೆ ಎಂಟು ಜೆಟ್ ಇದ್ದಾಗ ಚೆನ್ನಾಗಿ ತಿರುಗುತ್ತವೆ. ಆಸೆಬಿದ್ದು ಹದಿನಾರು ತೆರೆದರೆ ಒಂದೂ ತಿರುಗದೆ ಬುಡದಲ್ಲೇ ಸುರಿಯುತ್ತವೆ. ಪಂಪು ಅದೇ, ಬಾವಿ ಅದೇ. ನೀರು ಹೊರಡುವ ಬಾಯಿ ಹಿಗ್ಗಿತು, ಒತ್ತಡ ಬಿತ್ತು.

ಎಂಜಿನ್ನಿನಲ್ಲಿ ಆ ಬಾಯಿ ಬೇರಿಂಗಿಗೂ ಶಾಫ್ಟಿಗೂ ನಡುವಿನ ಸಂದು. ಅದರ ಅಗಲ ಒಂದು ಮಿಲಿಮೀಟರಿನ ನೂರರಲ್ಲಿ ಎರಡರಿಂದ ಐದು ಪಾಲು, ತಲೆಗೂದಲಿಗಿಂತ ತೆಳು. ಇಂಥ ಕಿರುಸಂದಿನಲ್ಲಿ ಹರಿಯುವ ದ್ರವಕ್ಕೆ ಒಂದು ವಿಚಿತ್ರ ಲೆಕ್ಕವಿದೆ. ಸಂದು ಎರಡು ಪಟ್ಟು ಹಿಗ್ಗಿದರೆ ಸೋರಿಕೆ ಎರಡು ಪಟ್ಟಲ್ಲ, ಎಂಟು ಪಟ್ಟು. ಮೂರು ಪಟ್ಟು ಹಿಗ್ಗಿದರೆ ಇಪ್ಪತ್ತೇಳು. ಸವೆದ ಬೇರಿಂಗಿನ ಮುಂದೆ ಹೊಸ ಪಂಪೂ ಕೈಚೆಲ್ಲುವುದು ಈ ಘನದ ಲೆಕ್ಕದಿಂದ.

ಇದರ ಮೇಲೆ ಬಿಸಿ. ನಮ್ಮಲ್ಲಿ ಹಳೆಯ ಗಾಡಿಗಳಿಗೆ ಹಾಕುವ 20ಡಬ್ಲ್ಯು-40 ಎಣ್ಣೆ 40 ಡಿಗ್ರಿಯಲ್ಲಿ ಇದ್ದುದಕ್ಕಿಂತ 100 ಡಿಗ್ರಿಯಲ್ಲಿ ಸುಮಾರು ಏಳೆಂಟು ಪಟ್ಟು ತೆಳುವಾಗುತ್ತದೆ. ತೆಳುವಾದಷ್ಟೂ ಸಂದಿನಿಂದ ಸಲೀಸಾಗಿ ಜಾರುತ್ತದೆ. ನಿಂತ ಕಾರಿನ ಎಂಜಿನ್ ನಿಮಿಷಕ್ಕೆ ಎಂಟುನೂರು ಸುತ್ತು ಮಾತ್ರ ತಿರುಗುವಾಗ ಪಂಪು ದೂಡುವ ಎಣ್ಣೆಯೂ ಅತಿ ಕಡಿಮೆ. ಕಾದ ಎಣ್ಣೆ, ಮಂದ ಎಂಜಿನ್: ಎರಡೂ ಕೂಡುವ ಜಾಗ ಘಾಟಿಯ ತುದಿಯ ದೋಸೆ ಹೋಟೆಲು. ನನ್ನ ಗಿಂಡಿ ಅಲ್ಲಿ ಮಿಣುಕಿದ್ದು ಕಾಕತಾಳೀಯವಲ್ಲ.

ಹಾಗಾದರೆ ಕ್ರ್ಯಾಂಕ್‌ಶಾಫ್ಟನ್ನು ಎತ್ತಿ ಹಿಡಿದಿರುವುದು ಪಂಪಿನ ಈ ನಲವತ್ತು ಪೌಂಡ್ ಒತ್ತಡವೇ? ಅಲ್ಲ. ಅದು ಗೊತ್ತಾದದ್ದು ಕಾರುಗಳಿಗೂ ಮೊದಲು, ಇಂಗ್ಲೆಂಡಿನಲ್ಲಿ, ಒಂದು ಬಿರಡೆಯಿಂದ.

1880ರ ದಶಕದ ಆರಂಭ. ರೈಲುಗಾಲಿಯ ಅಚ್ಚು ಬೇರಿಂಗಿನಲ್ಲಿ ಹೇಗೆ ಉಜ್ಜುತ್ತದೆಂದು ತಿಳಿಯಲು ಅಲ್ಲಿನ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಸ್ಥೆ ಬೋಶಾಂ ಟವರ್ ಎಂಬ ಎಂಜಿನಿಯರನಿಗೆ ಪ್ರಯೋಗ ಒಪ್ಪಿಸಿತು. ತಿರುಗುವ ಅಚ್ಚಿನ ಕೆಳಭಾಗವನ್ನು ಎಣ್ಣೆಯಲ್ಲಿ ಅದ್ದಿಟ್ಟು, ಮೇಲೆ ಅರ್ಧಬಳೆಯಂಥ ಹಿತ್ತಾಳೆ ಬೇರಿಂಗು ಕೂರಿಸಿ ಅದರ ಮೇಲೆ ಭಾರ ಹೇರಿದ. ನಡುವೆ ಎಣ್ಣೆ ಬಿಡಲೆಂದು ಬೇರಿಂಗಿನ ನೆತ್ತಿಗೆ ಒಂದು ತೂತು ಕೊರೆದ. ಅಚ್ಚು ತಿರುಗಿದಾಗ ಎಣ್ಣೆ ಆ ತೂತಿನಿಂದ ಒಳಹೋಗುವ ಬದಲು ಮೇಲಕ್ಕುಕ್ಕಿತು. ಬಿರಡೆ ಬಡಿದ, ಬಿರಡೆ ಮೇಲೆದ್ದು ಬಂತು. ಮರದ ಬೆಣೆ ಬಡಿದ, ಅದೂ ಹೊರಬಂತು. ಕೊನೆಗೆ ಅಲ್ಲಿಗೆ 200 ಪೌಂಡ್‌ವರೆಗೆ ತೋರಿಸುವ ಗೇಜು ಕಟ್ಟಿದ. ಮುಳ್ಳು ಇನ್ನೂರನ್ನೂ ದಾಟಿತು. ಅವನು ಹೇರಿದ್ದ ಭಾರವನ್ನು ಬೇರಿಂಗಿನ ಅಗಲಕ್ಕೆ ಹಂಚಿದರೆ ಸರಾಸರಿ ನೂರು ಪೌಂಡ್ ಮಾತ್ರ ಬರುತ್ತಿತ್ತು.

ಅಲ್ಲಿ ಪಂಪೇ ಇರಲಿಲ್ಲ ಎಂಬುದನ್ನು ಗಮನಿಸಿ. ತಿರುಗುವ ಅಚ್ಚೇ ಎಣ್ಣೆಯನ್ನು ಅಂಟಿಸಿಕೊಂಡು ಕಿರಿದಾಗುತ್ತ ಹೋಗುವ ಸಂದಿಗೆ ಎಳೆದೊಯ್ದು, ಆ ಬೆಣೆಯಾಕಾರದ ಜಾಗದಲ್ಲಿ ಅಷ್ಟೊಂದು ಒತ್ತಡ ಹುಟ್ಟಿಸಿ, ತನ್ನ ಮೇಲಿನ ಭಾರವನ್ನು ತಾನೇ ಎಣ್ಣೆಯ ಮೇಲೆ ತೇಲಿಸಿತ್ತು. ಲೋಹ ಲೋಹವನ್ನು ಮುಟ್ಟುತ್ತಲೇ ಇರಲಿಲ್ಲ. ಮ್ಯಾಂಚೆಸ್ಟರಿನ ಪ್ರಾಧ್ಯಾಪಕ ಆಸ್ಬೋರ್ನ್ ರೆನಾಲ್ಡ್ಸ್ 1886ರಲ್ಲಿ ಇದಕ್ಕೆ ಗಣಿತದ ಚೌಕಟ್ಟು ಕೊಟ್ಟ. ಇವತ್ತಿಗೂ ಬೇರಿಂಗು ವಿನ್ಯಾಸ ಮಾಡುವವರು ಆ ಸಮೀಕರಣದಿಂದಲೇ ಹೊರಡುತ್ತಾರೆ.

ನಮ್ಮ ಎಂಜಿನ್ನಿನಲ್ಲೂ ಹಾಗೇ. ಪಿಸ್ಟನ್ ಬಡಿದಾಗ ಬೇರಿಂಗಿನೊಳಗೆ ಎಣ್ಣೆಯ ಪೊರೆಯಲ್ಲಿ ಏಳುವ ಒತ್ತಡ ಪಂಪಿನದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಪಂಪಿನ ಕೆಲಸ ಊಟ ಬಡಿಸುವುದು; ಭಾರ ಹೊರುವುದು ಶಾಫ್ಟಿನ ತಿರುಗಾಟ. ಆದರೆ ಸೋರಿದಷ್ಟನ್ನು ತುಂಬಿಕೊಡುವವರು ಇಲ್ಲದಿದ್ದರೆ ಪೊರೆ ಕ್ಷಣಗಳಲ್ಲಿ ಹರಿಯುತ್ತದೆ, ಲೋಹಕ್ಕೆ ಲೋಹ ತಾಗುತ್ತದೆ. ಬೇರಿಂಗಿನ ಮೆದು ಲೋಹ ಮೊದಲು ಉಜ್ಜಿ ಹೋಗಿ, ಕಾದು, ಶಾಫ್ಟಿಗೇ ಅಂಟಿಕೊಳ್ಳುವುದನ್ನು ಗ್ಯಾರೇಜಿನವರು ‘ಎಂಜಿನ್ ಸೀಜ್’ ಎನ್ನುತ್ತಾರೆ.

ಕೊಟ್ಟಿಗೆಹಾರಕ್ಕೆ ವಾಪಸು ಬರೋಣ. ಮೆಕ್ಯಾನಿಕ್ ಬಾನೆಟ್ಟಿನೊಳಗೆ ಬಗ್ಗಿ ಹೆಬ್ಬೆರಳು ಗಾತ್ರದ ಒಂದು ಬಿಡಿಭಾಗ ತೋರಿಸಿದರು. ತಲೆಗೆ ಒಂದೇ ಒಂದು ವೈರು. ಇದು ಆಯಿಲ್ ಪ್ರೆಶರ್ ಸ್ವಿಚ್. ಒಳಗಿರುವುದು ತೆಳುವಾದ ಒಂದು ಪೊರೆ, ಅದನ್ನು ಕೆಳಕ್ಕೆ ಒತ್ತುವ ಸ್ಪ್ರಿಂಗು, ಒಂದು ಜೊತೆ ತಾಮ್ರದ ತುಟಿ. ಎಣ್ಣೆ ಒತ್ತದಿದ್ದಾಗ ಸ್ಪ್ರಿಂಗು ಗೆದ್ದು ತುಟಿಗಳು ಕೂಡಿರುತ್ತವೆ. ಎಣ್ಣೆ ನಾಲ್ಕಾರು ಪೌಂಡ್ ಒತ್ತಿದರೆ ಪೊರೆ ಉಬ್ಬಿ ತುಟಿ ಬಿಡುತ್ತವೆ.

ವೈರು ಒಂದೇ ಏಕೆಂದರೆ ಇನ್ನೊಂದರ ಕೆಲಸವನ್ನು ಎಂಜಿನ್ನಿನ ಮೈಯೇ ಮಾಡುತ್ತದೆ. ಬ್ಯಾಟರಿಯಿಂದ ಕೀಗೆ, ಅಲ್ಲಿಂದ ಫ್ಯೂಸಿಗೆ, ಬಲ್ಬಿಗೆ, ಬಲ್ಬಿನಿಂದ ಈ ಸ್ವಿಚ್ಚಿಗೆ, ಸ್ವಿಚ್ಚಿನ ತಿರುಪಿನ ಮರೆಯ ಮೂಲಕ ಎಂಜಿನ್ನಿಗೆ ಅರ್ತ್. ಸ್ವಿಚ್ ಕೂಡಿದರೆ ದೀಪ, ಬಿಟ್ಟರೆ ಕತ್ತಲೆ. ಇದಕ್ಕಿಂತ ಸರಳ ಸರ್ಕ್ಯೂಟು ದೇವರ ಮನೆಯ ದೀಪಕ್ಕೂ ಇರಲಾರದು.

ಸರಳವಾದ್ದಕ್ಕೇ ಒಂದು ದೊಡ್ಡ ಕೊರತೆಯೂ ಅಂಟಿಕೊಂಡಿದೆ. ಇಲ್ಲಿ ಮೌನ ಎಂದರೆ ಕ್ಷೇಮ. ಆದರೆ ಬಲ್ಬು ಸುಟ್ಟರೂ ಮೌನ, ವೈರನ್ನು ಇಲಿ ಕಡಿದರೂ ಮೌನ. ಕೊಳಾಯಿ ಕೆಲಸದ ಅಭ್ಯಾಸದಿಂದ ಯಾರಾದರೂ ಸ್ವಿಚ್ಚಿನ ಮರೆಗೆ ಟೆಫ್ಲಾನ್ ಟೇಪು ದಪ್ಪಗೆ ಸುತ್ತಿದರೆ ಅರ್ತ್ ತಪ್ಪಿಯೂ ಮೌನ ಬರಬಹುದು. ಈ ಕೊರತೆಗೆ ಇಟ್ಟ ಮದ್ದು ಕೀ ತಿರುಗಿಸುವ ಮೊದಲ ಗಳಿಗೆ. ಎಂಜಿನ್ ಇನ್ನೂ ತಿರುಗಿಲ್ಲ, ಒತ್ತಡ ಸೊನ್ನೆ, ಗಿಂಡಿ ಹತ್ತಲೇಬೇಕು. ಸ್ಟಾರ್ಟ್ ಆದ ಒಂದೆರಡು ಸೆಕೆಂಡಿನಲ್ಲಿ ಆರಬೇಕು. ದಿನವೂ ಪುಕ್ಕಟೆ ನಡೆಯುವ ಈ ಪರೀಕ್ಷೆಯನ್ನು ನೋಡುವ ಚಾಲಕರು ಎಷ್ಟಿದ್ದಾರೋ.

ಮೆಕ್ಯಾನಿಕ್ ಕೀ ತಿರುಗಿಸಿದರು, ಸ್ಟಾರ್ಟ್ ಮಾಡಲಿಲ್ಲ. ಗಿಂಡಿ ಹತ್ತಿತು. ಸ್ವಿಚ್ಚಿನ ವೈರು ಕಿತ್ತು ಗಾಳಿಯಲ್ಲಿ ಹಿಡಿದರು. “ಆರಿತಾ?” ಆರಿತ್ತು. ಆ ವೈರಿನ ತುದಿಯನ್ನು ಎಂಜಿನ್ನಿನ ಬೋಲ್ಟಿಗೆ ಮುಟ್ಟಿಸಿದರು. “ಹತ್ತಿತಾ?” ಹತ್ತಿತು. ಅರ್ಧ ನಿಮಿಷದ ಕೆಲಸ.

ಆ ಅರ್ಧ ನಿಮಿಷದಲ್ಲಿ ಎಷ್ಟು ಸಂಗತಿ ತೀರ್ಮಾನವಾಯಿತು ನೋಡಿ. ವೈರು ಕಿತ್ತಾಗಲೂ ದೀಪ ಉರಿಯುತ್ತಲೇ ಇದ್ದಿದ್ದರೆ, ದಾರಿಯಲ್ಲಿ ಎಲ್ಲೋ ವೈರಿನ ಹೊದಿಕೆ ಕರಗಿ ಬಾಡಿಗೆ ತಾಗುತ್ತಿದೆ ಎಂದರ್ಥ, ಎಂಜಿನ್ನಿನದು ತಪ್ಪಿಲ್ಲ. ಮುಟ್ಟಿಸಿದಾಗ ಹತ್ತದೇ ಹೋಗಿದ್ದರೆ ಬಲ್ಬು, ಫ್ಯೂಸು, ವೈರು ಇವುಗಳಲ್ಲೊಂದು ಸತ್ತಿದೆ. ಎರಡೂ ಸರಿ ಬಂದರೆ ಡ್ಯಾಶ್‌ಬೋರ್ಡಿನಿಂದ ವೈರಿನ ತುದಿಯವರೆಗೆ ಯಾರ ಮೇಲೂ ಅನುಮಾನ ಇಟ್ಟುಕೊಳ್ಳಬೇಕಿಲ್ಲ. ಹಳ್ಳಿಯ ಲೈನ್‌ಮನ್ ಕರೆಂಟು ಹೋದಾಗ ಕಂಬ ಕಂಬ ಹತ್ತದೆ ನಡುವಿನ ಕಂಬವನ್ನು ಮೊದಲು ನೋಡುತ್ತಾನಲ್ಲ, ಅದೇ ಜಾಣತನ. ಇಲ್ಲೊಂದು ಮಾತು: ಹೊಸ ಕಾರುಗಳಲ್ಲಿ ಈ ವೈರು ನೇರ ಬಲ್ಬಿಗೆ ಹೋಗದೆ ಕಂಪ್ಯೂಟರಿಗೆ ಹೋಗುತ್ತದೆ. ಅಲ್ಲಿ ಕೈಪಿಡಿ ನೋಡದೆ ವೈರು ಎಲ್ಲಿಗೂ ಮುಟ್ಟಿಸಬಾರದು.

ಹಳೆಯ ಬಲ್ಬು ತೆಗೆದು ಎಲ್‌ಇಡಿ ಹಾಕಿಸಿಕೊಂಡವರ ಕಷ್ಟ ಇನ್ನೊಂದು ಬಗೆಯದು. ತಂತಿಯ ಬಲ್ಬು ಕೆಂಪಗಾಗಲು ಸಾಕಷ್ಟು ಕರೆಂಟು ಬೇಕು. ಎಲ್‌ಇಡಿಗೆ ಕನೆಕ್ಟರಿನೊಳಗಿನ ಮಳೆನೀರು, ಕೊಳೆ ಸೋರಿಸುವ ಚೂರು ಕರೆಂಟೇ ಸಾಕು. ಜುಲೈ ತಿಂಗಳಲ್ಲಿ ಅರೆಬರೆ ಬೆಳಗುವ ಗಿಂಡಿ ಕಂಡರೆ ಎಂಜಿನ್ ಬಿಚ್ಚುವ ಮುಂಚೆ ಕನೆಕ್ಟರ್ ಒಣಗಿಸಿ ನೋಡುವುದು ಮೇಲು.

ಈಗ ಉಳಿದವರು ಇಬ್ಬರೇ. ಒಂದೋ ಒತ್ತಡ ನಿಜವಾಗಿ ಬಿದ್ದಿದೆ, ಇಲ್ಲವೇ ಸ್ವಿಚ್ ಸುಳ್ಳು ಹೇಳುತ್ತಿದೆ. ಇದನ್ನು ಬಲ್ಬು, ವೈರು, ಮಲ್ಟಿಮೀಟರು ಯಾವುದೂ ಹೇಳಲಾರವು. ಮುಳ್ಳಿನ ಗೇಜೇ ಬೇಕು. ಎಷ್ಟೋ ಗ್ಯಾರೇಜುಗಳಲ್ಲಿ ಇದನ್ನು ಬಿಟ್ಟು ನೇರವಾಗಿ ಹೊಸ ಸ್ವಿಚ್ ಹಾಕಿಬಿಡುತ್ತಾರೆ. ಅಗ್ಗ, ಹತ್ತು ನಿಮಿಷದ ಕೆಲಸ. ಅದು ಹತ್ತರಲ್ಲಿ ಹಲವು ಸಲ ಸರಿಹೋಗುವುದೇ ಅಪಾಯ, ಏಕೆಂದರೆ ಸರಿಹೋಗದ ಸಲ ಬೇರಿಂಗು ಹೋಗಿರುತ್ತದೆ. ಇನ್ನು ಕೆಲವರು ದಪ್ಪ ಎಣ್ಣೆ ಸುರಿದು ಗಿಂಡಿಯ ಬಾಯಿ ಮುಚ್ಚಿಸುತ್ತಾರೆ. ಸಂದು ಹಿಗ್ಗಿದ್ದು ಹಿಗ್ಗಿಯೇ ಇರುತ್ತದೆ.

ಮೂಡಿಗೆರೆಯವರ ಪೆಟ್ಟಿಗೆಯಲ್ಲಿ ಗೇಜಿತ್ತು, ಜೊತೆಗೆ ಹಿತ್ತಾಳೆಯ ಒಂದು ಟೀ. ಸ್ವಿಚ್ ಬಿಚ್ಚಿ ಆ ತೂತಿಗೆ ಟೀ ಕೂರಿಸಿ, ಒಂದು ಬಾಯಿಗೆ ಗೇಜು, ಇನ್ನೊಂದಕ್ಕೆ ನನ್ನ ಹಳೆಯ ಸ್ವಿಚ್ಚನ್ನೇ ಹಾಕಿದರು. ಒಂದೇ ಎಣ್ಣೆಗೆ ಇಬ್ಬರು ಸಾಕ್ಷಿಗಳು! ಸ್ಟಾರ್ಟ್ ಮಾಡಿದಾಗ ಮುಳ್ಳು ನಲವತ್ತೈದಕ್ಕೆ ಏರಿತು. ಎಂಜಿನ್ ಕಾಯುತ್ತ ಹೋದಂತೆ ಮೂವತ್ತು, ಇಪ್ಪತ್ತು. ರೇಡಿಯೇಟರ್ ಫ್ಯಾನು ತಾನಾಗಿ ತಿರುಗತೊಡಗಿದಾಗ ಹದಿನಾಲ್ಕಕ್ಕೆ ಬಂದು ನಿಂತಿತು. ಮತ್ತೆ ಇಳಿಯಲಿಲ್ಲ. ಕಾದ ಎಂಜಿನ್ನಿಗೆ, ಆ ಮಂದ ಓಟಕ್ಕೆ, ಅದು ಮರ್ಯಾದೆಯ ಒತ್ತಡ. ಆದರೂ ಡ್ಯಾಶ್‌ಬೋರ್ಡಿನಲ್ಲಿ ಗಿಂಡಿ ಮಿಣಮಿಣ.

“ಸಿಕ್ಕಿಬಿದ್ದ ನೋಡಿ,” ಅಂದರು.

ಮುಳ್ಳು ಹದಿನಾಲ್ಕರ ಬದಲು ಮೂರಕ್ಕೆ ಬಿದ್ದಿದ್ದರೆ ಕಥೆ ಬೇರೆಯೇ ಆಗುತ್ತಿತ್ತು. ಆಗ ಗಾಡಿಯನ್ನು ಎಳೆಸಿಕೊಂಡು ಹೋಗಿ, ಚೇಂಬರ್ ಇಳಿಸಿ, ಜಾಲರಿಗೆ ಕೊಳೆ ಕಟ್ಟಿದೆಯೇ, ಹೆಚ್ಚಿನ ಒತ್ತಡ ಬಿಟ್ಟುಕೊಡುವ ರಿಲೀಫ್ ವಾಲ್ವ್ ತೆರೆದೇ ಸಿಕ್ಕಿಕೊಂಡಿದೆಯೇ, ಎಣ್ಣೆಗೆ ಪೆಟ್ರೋಲ್ ಬೆರೆತು ನೀರಾಗಿದೆಯೇ ಎಂದು ನೋಡುತ್ತ ಕೊನೆಗೆ ಬೇರಿಂಗಿಗೆ ಬರಬೇಕಿತ್ತು.

ಹೊಸ ಸ್ವಿಚ್ಚಿಗೆ ನಮ್ಮಿಬ್ಬರ ದೋಸೆಯ ಬಿಲ್ಲಿಗಿಂತ ತುಸು ಹೆಚ್ಚಾಯಿತು. ಹಳೆಯದನ್ನು ಕೇಳಿ ಇಸಿದುಕೊಂಡೆ. ಕೀಳುವಾಗಲೇ ಅದರ ತಲೆಯ ಟರ್ಮಿನಲ್ಲು ಎಣ್ಣೆಯಲ್ಲಿ ಒದ್ದೆಯಾಗಿದ್ದುದನ್ನು ಕಂಡಿದ್ದೆ. ಮನೆಯಲ್ಲಿ ಹ್ಯಾಕ್ಸಾ ಬ್ಲೇಡಿನಿಂದ ಕೊಯ್ದು ನೋಡಿದರೆ ಪೊರೆಯ ಮೇಲ್ಭಾಗದ ಕೋಣೆ, ಒಣಗಿರಬೇಕಾದದ್ದು, ಕಪ್ಪು ಎಣ್ಣೆಯಿಂದ ತುಂಬಿತ್ತು. ಪೊರೆಯ ಅಂಚಿನಲ್ಲಿ ಕೂದಲೆಳೆಯಂಥ ಬಿರುಕು. ಎಣ್ಣೆ ಬಿರುಕಿನಿಂದ ನುಸುಳಿ ಮೇಲೂ ಸೇರಿ, ಕೆಳಗಿನಿಂದ ಒತ್ತುವಷ್ಟೇ ಮೇಲಿನಿಂದಲೂ ಒತ್ತುತ್ತಿತ್ತು. ಎರಡೂ ಕಡೆ ಸಮ ಬಂದರೆ ಪೊರೆ ಉಬ್ಬುವುದೆಲ್ಲಿಂದ? ಸ್ಪ್ರಿಂಗು ಸುಮ್ಮನೆ ಗೆಲ್ಲುತ್ತಿತ್ತು. ಎಂಜಿನ್ ಜೋರಾಗಿ ತಿರುಗಿದಾಗ ಕೆಳಗಿನ ಒತ್ತಡ ಒಮ್ಮೆಲೇ ಏರಿ, ಬಿರುಕಿನಿಂದ ಎಣ್ಣೆ ಹಿಂಬಾಲಿಸುವಷ್ಟರಲ್ಲಿ ದೀಪ ಆರುತ್ತಿತ್ತು.

ಸ್ವಿಚ್ ಕೆಟ್ಟು ಹೀಗೆ ಸುಳ್ಳು ಕೂಗುವುದು ಒಂದು ಬಗೆ. ಸ್ಪ್ರಿಂಗು ಸೋತು, ಒತ್ತಡ ಬಿದ್ದರೂ ಕೂಗದೇ ಇರುವುದು ಇನ್ನೊಂದು, ಹೆಚ್ಚು ಕೆಟ್ಟದ್ದು. ಜರ್ಮನಿಯ ಫೋಕ್ಸ್‌ವ್ಯಾಗನ್ 1980ರ ದಶಕದಲ್ಲಿ ಇದಕ್ಕೊಂದು ಸೊಗಸಾದ ಉಪಾಯ ಹೂಡಿತು. ಒಂದರ ಬದಲು ಎರಡು ಸ್ವಿಚ್. ಮೊದಲನೆಯದು ಮಾಮೂಲಿನಂತೆ 0.3 ಬಾರ್, ಎಂದರೆ ಸುಮಾರು ನಾಲ್ಕು ಪೌಂಡಿಗೆ ಬಿಡುವಂಥದ್ದು. ಎರಡನೆಯದು ತಿರುಗಾಮುರುಗಾ: ಹಲವು ಎಂಜಿನ್ನುಗಳಲ್ಲಿ 1.8 ಬಾರ್, ಸುಮಾರು ಇಪ್ಪತ್ತಾರು ಪೌಂಡ್ ಬಂದಾಗ ಕೂಡುವಂಥದ್ದು. ಎಂಜಿನ್ ನಿಮಿಷಕ್ಕೆ 2000 ಸುತ್ತು ದಾಟಿದ ಮೇಲೂ ಈ ಎರಡನೆಯದು ಕೂಡದಿದ್ದರೆ ದೀಪದ ಜೊತೆ ಬಜರೂ ಕೂಗುತ್ತದೆ. ಇಲ್ಲಿ ಮೌನಕ್ಕೆ ಜಾಗವಿಲ್ಲ. ಎರಡನೇ ವೈರು ತುಂಡಾದರೆ ಅದೂ ಕೂಗಿಗೇ ಕಾರಣವಾಗುತ್ತದೆ. ಮೊದಲನೆಯದು ನಿಂತ ಕಾರಿನ ಮಂದ ಎಂಜಿನ್ನಿಗೆ ಕಾವಲು, ಎರಡನೆಯದು ಓಡುವ ಕಾರಿನ ಎಂಜಿನ್ನಿಗೆ.

ಅಮೆರಿಕದ ಫೋರ್ಡ್ ಹಿಡಿದದ್ದು ಇದಕ್ಕೆ ತದ್ವಿರುದ್ಧ ದಾರಿ. ಅದರ ಹಲವು ಗಾಡಿಗಳಲ್ಲಿ ಡ್ಯಾಶ್‌ಬೋರ್ಡಿಗೆ ಗೇಜೇ ಇತ್ತು, ಮುಳ್ಳೂ ಇತ್ತು. ಆದರೆ ಎಂಜಿನ್ನಿನಲ್ಲಿ ಇದ್ದದ್ದು ಬರೀ ಸ್ವಿಚ್. ಒತ್ತಡ ಆರೇಳು ಪೌಂಡ್ ದಾಟಿದರೆ ಸಾಕು, ಸರ್ಕ್ಯೂಟಿನ ರೆಸಿಸ್ಟರಿನ ದೆಸೆಯಿಂದ ಮುಳ್ಳು ನಡುಮಧ್ಯಕ್ಕೆ ಬಂದು ಅಲ್ಲಾಡದೆ ಕೂರುತ್ತಿತ್ತು. ನಿಜವಾದ ಗೇಜಿನ ಮುಳ್ಳು ಕಾವಿಗೆ, ವೇಗಕ್ಕೆ ತಕ್ಕಂತೆ ಏರಿಳಿಯುತ್ತದೆ. ಏರಿಳಿದರೆ ಗಿರಾಕಿಗೆ ಗಾಬರಿ. ಗೇಜಿನ ವೇಷ ಹಾಕಿದ ದೀಪ ಅದು. ನನಗಂತೂ ಗಿಂಡಿಯೇ ಹೆಚ್ಚು ಪ್ರಾಮಾಣಿಕ ಅನ್ನಿಸುತ್ತದೆ.

ಹೋದ ವರ್ಷ ಗೆಳೆಯರೊಬ್ಬರು ಸೆಕೆಂಡ್‌ಹ್ಯಾಂಡ್ ಕಾರು ನೋಡಲು ಜೊತೆಗೆ ಕರೆದೊಯ್ದರು. ಬಣ್ಣ ಹೊಳೆಯುತ್ತಿತ್ತು, ಸೀಟಿಗೆ ಹೊಸ ಕವರು. ಕೀ ತಿರುಗಿಸಿದೆ, ಸ್ಟಾರ್ಟ್ ಮಾಡಲಿಲ್ಲ. ಬ್ಯಾಟರಿಯ ದೀಪ ಹತ್ತಿತು, ಗಿಂಡಿಯೂ ಹತ್ತಿತು. ಸ್ಟಾರ್ಟ್ ಮಾಡಿದೆ. ಎರಡೂ ಒಂದೇ ಗಳಿಗೆಗೆ, ಜೊತೆ ಕಟ್ಟಿದ ಎತ್ತುಗಳ ಹಾಗೆ, ಆರಿದವು. ಎಣ್ಣೆ ನಾಳ ತುಂಬಿ ಸ್ವಿಚ್ಚಿಗೆ ಬರಲು ಒಂದು ಕ್ಷಣವಾದರೂ ಬೇಕು. ಬ್ಯಾಟರಿಯ ದೀಪಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಆಫ್ ಮಾಡಿ ಮತ್ತೆ ನೋಡಿದೆ, ಅದೇ ಜೋಡಿ. ಬಾನೆಟ್ ತೆಗೆಸಿ ಸ್ವಿಚ್ಚಿನ ವೈರು ಕಿತ್ತು, ಕೀ ಕೊಡಲು ಗೆಳೆಯರಿಗೆ ಹೇಳಿದೆ.

“ಹತ್ತಿದೆಯಾ?”

“ಹತ್ತಿದೆ ಮಾರಾಯ್ರೆ.”

ವೈರು ನನ್ನ ಕೈಯಲ್ಲಿತ್ತು. ಮಾರುವವರು “ವೈರಿಂಗ್‌ದು ಏನೋ ಸಣ್ಣ ಪ್ರಾಬ್ಲಮ್ ಇರ್ಬೇಕು” ಎನ್ನುತ್ತ ಬಂದು, ಬಾನೆಟ್ಟನ್ನು ತಾವೇ ಮುಚ್ಚಿದರು.